ಒಬ್ಬರು ಉಸಿರೆಳೆದುಕೊಳ್ಳುವಾಗ

ಹುಮನಾಬಾದ ಬಸ್‌ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಿಂತಿದ್ದೆ. ಬಸವಕಲ್ಯಾಣದ ಬಸ್ಸಿನಿಂದ ಇಳಿದ ಹುಡುಗ ಸೀದಾ ನನ್ನ ಹತ್ತಿರ ಬಂದ. ಹಿಂದಿನ ದಿನ ಫೋನು ಮಾಡಿದ್ದವನೇ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಸುರುಳಿ ಸುತ್ತಿದ ಹಾಳೆಗಳು. "ಸರ್, ನಮ್ಮ ಚರ್ಚಿನ ಕ್ವಾಯರ್ ಬರಖಾಸ್ತ್ ಮಾಡ್ಯಾರ್ರಿ. ಇನ್ನೂರು ಮಂದಿ ಸಹಿ ಮಾಡ್ಯಾರ. ಮ್ಯಾಲ ಏನು ಬರೀಬೇಕು ಅಂತ ನೀವು ಹೇಳಬೇಕ್ರಿ" ಅಂದ. ಬಿಚ್ಚಿ ನೋಡಿದೆ. ಸಹಿಗಳು, ಹೆಬ್ಬೆಟ್ಟುಗಳು, ಒಂದಿಬ್ಬರು ಶಾಲೆಯ ಮಕ್ಕಳು ಬಣ್ಣದ ಪೆನ್ನಿನಲ್ಲಿ ಬರೆದ ಹೆಸರುಗಳು. ಮೊದಲ ಹಾಳೆಯ ಮೇಲಿನ ಅರ್ಧ ಮಾತ್ರ ಖಾಲಿ. ಏನು ಕೇಳುತ್ತಿದ್ದೇವೆ ಎಂಬುದು ಗೊತ್ತಾಗುವ ಮೊದಲೇ ಇನ್ನೂರು ಜನ ಒಪ್ಪಿಬಿಟ್ಟಿದ್ದರು.

ಇಂಥ ಪ್ರಶ್ನೆ ನನಗೆ ಹೊಸದಲ್ಲ. ಊರ ಭಜನಾ ಮಂಡಳಿ ನಿಂತುಹೋಯಿತು, ಟ್ರಸ್ಟಿನವರು ಕ್ಯಾಸೆಟ್ ಹಾಕಿ ಕೈತೊಳೆದುಕೊಂಡರು, ಮಠದಲ್ಲಿ ಹಾಡುವವರನ್ನು ಕರೆಯುವುದೇ ಬಿಟ್ಟರು, ಏನು ಮಾಡಬೇಕು ಎಂದು ಓದುಗರು ಬರೆಯುತ್ತಲೇ ಇರುತ್ತಾರೆ. ಬಹಳ ಸಲ ಸಮಾಧಾನದ ಎರಡು ಮಾತು ಬರೆದು ಸುಮ್ಮನಾಗಿದ್ದೇನೆ. ಈ ಸಲ ಹುಡುಗ ಎದುರಿಗೇ ನಿಂತಿದ್ದ, ಚಹಾದ ದುಡ್ಡನ್ನೂ ಅವನೇ ಕೊಟ್ಟ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಹಾಡುವ ಮಂಡಳಿಯನ್ನು ಬರಖಾಸ್ತು ಮಾಡುವುದು, ಅದನ್ನು ಉಳಿಸಲು ಜನ ಬೀದಿಗಿಳಿಯುವುದು, ಇವೆರಡರ ಕಥೆಗಳು ದಾಖಲೆಯಾಗಿ ಸಿಗುವುದು ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳಲ್ಲಿ. ಬಿಷಪ್ಪರ ಪೀಠ ಇರುವ ಚರ್ಚಿಗೆ ಕ್ಯಾಥೆಡ್ರಲ್ ಎನ್ನುತ್ತಾರೆ. ಬಸವಕಲ್ಯಾಣ, ಹುಮನಾಬಾದಿನಲ್ಲಿ ಅಂಥದ್ದಿಲ್ಲ. ಕ್ಯಾಥೊಲಿಕರಿಗೆ 2005ರಲ್ಲಿ ಆದ ಧರ್ಮಪ್ರಾಂತ್ಯದ ಪೀಠ ಕಲಬುರಗಿಯಲ್ಲಿದೆ. ನಮ್ಮ ಬೀದರ ಕಡೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮೆಥಡಿಸ್ಟರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದ ಅಮೆರಿಕದ ಮಿಶನರಿಗಳಿಂದ ಶುರುವಾದ ಸಭೆಗಳು ಅವು. ನಮ್ಮಲ್ಲಿ ಕ್ವಾಯರ್ ಎಂದರೆ ಭಾನುವಾರ ಮುಂದಿನ ಸಾಲಿನಲ್ಲಿ ಕೂತು ಹಾರ್ಮೋನಿಯಂ, ಢೋಲಕ್, ತಾಳಗಳೊಂದಿಗೆ ಹಾಡುವ ಹತ್ತು ಹನ್ನೆರಡು ಮಂದಿ. ಇಂಗ್ಲೆಂಡಿನ ಕ್ಯಾಥೆಡ್ರಲ್ಲಿನಲ್ಲಿ ಹಾಗಲ್ಲ. ಅಲ್ಲಿ ಸಂಜೆಯ ಪ್ರಾರ್ಥನೆಯನ್ನೇ ಹಾಡಿ ನಡೆಸುತ್ತಾರೆ, ವಾರದ ಬಹುತೇಕ ದಿನ. ಮೇಲಿನ ಶ್ರುತಿಗೆ ಎಂಟರಿಂದ ಹದಿಮೂರು ವರ್ಷದೊಳಗಿನ ಮಕ್ಕಳು, ಕೆಳಗಿನ ಮೂರು ಧ್ವನಿಗಳಿಗೆ ದೊಡ್ಡವರು. ದೊಡ್ಡವರಿಗೆ ಸಂಬಳ. ಮಕ್ಕಳು ಶಾಲೆ ಮುಗಿಸಿ ಬಂದು ತಾಲೀಮು ಮಾಡುತ್ತಾರೆ. ಹುಡುಗರ ಗಂಟಲು ಒಡೆದ ವರ್ಷ ಅವರು ಹೊರಗೆ, ಕಿರಿಯರು ಒಳಗೆ. ಹೊರಗೆ ಹೋದವರಲ್ಲೇ ಕೆಲವರು ಹತ್ತು ವರ್ಷದ ಮೇಲೆ ಕೆಳಧ್ವನಿಯ ಸಾಲಿಗೆ ತಿರುಗಿ ಬರುತ್ತಾರೆ. ಒಂದು ಏಣಿಯಂತೆ ನಡೆಯುವ ವ್ಯವಸ್ಥೆ ಅದು.

2020ರ ಜುಲೈನಲ್ಲಿ ಶೆಫೀಲ್ಡ್ ಕ್ಯಾಥೆಡ್ರಲ್ಲಿನ ಆಡಳಿತ ಮಂಡಳಿ ತನ್ನ ಕ್ವಾಯರನ್ನು ಮುಚ್ಚುತ್ತೇವೆ ಎಂದು ಹೇಳಿತು. ಊರು ಬದಲಾಗಿದೆ, ಎಲ್ಲ ಬಗೆಯ ಜನ ಸೇರಿದ ನಗರಕ್ಕೆ ಹೊಂದುವಂಥ ಹೊಸ ತಂಡವನ್ನು ಹೊಸದಾಗಿಯೇ ಕಟ್ಟಬೇಕು ಎಂಬುದು ಕೊಟ್ಟ ಕಾರಣ. ಅದು ಕೊರೋನಾ ಕಾಲ, ಮಕ್ಕಳು ಆಗಲೇ ತಿಂಗಳುಗಟ್ಟಲೆ ಮನೆಯಲ್ಲಿ ಕೂತಿದ್ದರು. ಹಳೆಯ ಗಾಯಕರು, ತಂದೆತಾಯಿಗಳು, ಸಂಗೀತದವರು ಎದ್ದು ಕೂಗಿದರು. ನಿರ್ಧಾರ ತಿರುಗಲಿಲ್ಲ. ಆಮೇಲೆ ಹೊಸ ಸಂಗೀತ ನಿರ್ದೇಶಕರು ಬಂದು ಮತ್ತೆ ಮಕ್ಕಳನ್ನು ಕೂಡಿಸಬೇಕಾಯಿತು.

ಶೆಫೀಲ್ಡಿನವರು ಎತ್ತಿದ ಪ್ರಶ್ನೆ ಸುಳ್ಳಲ್ಲ ಎಂದೇ ನನ್ನ ಅನಿಸಿಕೆ. ಯಾರು ಹಾಡುತ್ತಾರೆ, ಯಾರನ್ನು ಹಾಡಲು ಬಿಟ್ಟಿಲ್ಲ ಎಂದು ಕೇಳಲೇಬೇಕು. ನಮ್ಮ ಹಳ್ಳಿಗಳಲ್ಲಂತೂ ಆ ಪ್ರಶ್ನೆ ಹುಣ್ಣಿನಂತೆ ಕೀವು ಕಟ್ಟಿ ಕೂತಿದೆ. ಊರ ಗುಡಿಯ ಕಟ್ಟೆ ಹತ್ತಲೂ ಬಿಡದಿದ್ದ ಕೇರಿಯ ಜನಕ್ಕೆ ಚರ್ಚಿನ ಮುಂದಿನ ಸಾಲು ಸಿಕ್ಕಿತು, ಹಾಡಿನ ಪುಸ್ತಕ ಹಿಡಿದು ಅಕ್ಷರ ಕಲಿತರು. ಹಾಗಾಗಿ ನಮ್ಮಲ್ಲಿ ಕ್ವಾಯರ್ ಎಂಬುದು ದೊಡ್ಡವರ ಶೋಕಿಯಾಗಿರಲಿಲ್ಲ. ಶೆಫೀಲ್ಡಿನವರ ಮೇಲೆ ನನಗಿರುವ ತಕರಾರು ಮದ್ದಿನದು. ಬಾಗಿಲು ಅಗಲ ಮಾಡಬೇಕಾದರೆ ಚೌಕಟ್ಟು ತೆಗೆಯಿರಿ, ಒಳಗಿದ್ದವರನ್ನು ಯಾಕೆ ಹೊರಗೆ ಹಾಕಬೇಕು?

ವೇಲ್ಸ್‌ನ ಲ್ಯಾಂಡಾಫ್ ಕ್ಯಾಥೆಡ್ರಲ್ಲಿನ ಪ್ರಕರಣ ಇದಕ್ಕಿಂತ ಸಣ್ಣದು, ನನಗೆ ಹೆಚ್ಚು ಕಲಿಸಿದ್ದೂ ಅದೇ. 2013ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ ಹೊಸ್ತಿಲಲ್ಲಿ, ಅಲ್ಲಿನ ಆಡಳಿತ ಏಳು ಮಂದಿ ಹಿರಿಯ ಗಾಯಕರನ್ನೂ ಸಹಾಯಕ ಆರ್ಗನ್ ವಾದಕನನ್ನೂ ಕೆಲಸದಿಂದ ತೆಗೆಯುವುದಾಗಿ ಹೇಳಿತು. ಸುಮಾರು 81 ಸಾವಿರ ಪೌಂಡು ಕೊರತೆ ಬಿದ್ದಿತ್ತು. ಆಗಿನ ದರದಲ್ಲಿ 80 ಲಕ್ಷ ರೂಪಾಯಿ ಅಂದುಕೊಳ್ಳಿ. ಮಕ್ಕಳು ಇರುತ್ತಾರೆ, ಆದ್ದರಿಂದ ಕ್ವಾಯರ್ ಇರುತ್ತದೆ ಎಂಬುದು ಅವರ ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಒಂಬತ್ತು ವರ್ಷದ ಹುಡುಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಮಾಸ್ತರರಿಂದ ಎಷ್ಟು ಕಲಿಯುತ್ತಾನೋ ಅಷ್ಟನ್ನೇ ಎದುರು ಸಾಲಿನಲ್ಲಿ ನಿಂತ ದೊಡ್ಡವರ ಎದೆ ಏರಿಳಿಯುವುದನ್ನು ನೋಡಿಯೂ ಕಲಿಯುತ್ತಾನೆ. ಆ ಸಾಲು ತೆಗೆದರೆ ಏಣಿಯ ಮೇಲಿನ ಮೆಟ್ಟಿಲುಗಳು ಹೋದಂತೆ. ಕೆಳಗಿನ ಮೆಟ್ಟಿಲ ಮೇಲೆ ಮಕ್ಕಳು ನಿಂತೇ ಇರುತ್ತಾರೆ, ಹತ್ತುವುದಾದರೂ ಎಲ್ಲಿಗೆ?

ಸಹಿ ಸಂಗ್ರಹ ಫಲ ಕೊಟ್ಟದ್ದೂ ಉಂಟು. ಅದು ಚರ್ಚಿನದಲ್ಲ, ರೇಡಿಯೊದ್ದು. 1924ರಿಂದ ಹಾಡುತ್ತಿದ್ದ ಬಿಬಿಸಿ ಸಿಂಗರ್ಸ್ ತಂಡವನ್ನು ಮುಚ್ಚುತ್ತೇವೆ ಎಂದು 2023ರ ಮಾರ್ಚ್ 7ರಂದು ಬಿಬಿಸಿ ಘೋಷಿಸಿತು. ಇಪ್ಪತ್ತು ಮಂದಿಯ ತಂಡ. ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ನೂರಾರು ಸಂಗೀತ ರಚನಕಾರರು ಬಹಿರಂಗ ಪತ್ರ ಬರೆದರು, ಅದೇ ತಿಂಗಳ 24ಕ್ಕೆ ಬಿಬಿಸಿ ನಿರ್ಧಾರವನ್ನು ತಡೆಹಿಡಿಯಿತು. ಈ ಸುದ್ದಿ ಓದಿದವರು ಸಹಿಯಿಂದಲೇ ಕೆಲಸವಾಯಿತು ಅಂದುಕೊಳ್ಳುತ್ತಾರೆ, ನನ್ನ ಹುಡುಗನೂ ಹಾಗೇ ಅಂದುಕೊಂಡಿದ್ದ, ಮೊಬೈಲಿನಲ್ಲಿ ಆ ಸುದ್ದಿಯನ್ನು ಜೋಪಾನ ಮಾಡಿಟ್ಟಿದ್ದ. ಎರಡು ಸಂಗತಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು, ಬಿಬಿಸಿ ನಡೆಯುವುದು ಮನೆಮನೆಯವರು ಕಟ್ಟುವ ಲೈಸೆನ್ಸ್ ಶುಲ್ಕದಿಂದ. ಸಹಿ ಹಾಕಿದವರೇ ಅದರ ಧಣಿಗಳು. ಇನ್ನೊಂದು, ತಂಡಕ್ಕೆ ಬೇರೆ ದಾರಿಯಿಂದ ಹಣ ಹೊಂದಿಸಬಹುದು ಎಂದು ಕೆಲವು ಸಂಸ್ಥೆಗಳು ಮುಂದೆ ಬಂದವು. ನಿರ್ಧಾರ ತಡೆಹಿಡಿದಾಗ ಬಿಬಿಸಿ ಹೇಳಿದ್ದು ಆ ಮಾತನ್ನೇ. ಸಹಿಯ ಹಿಂದೆ ರೊಕ್ಕದ ದಾರಿಯೂ ಇತ್ತು. ಕ್ಯಾಥೆಡ್ರಲ್ಲಿನ ಆಡಳಿತ ಮಂಡಳಿಯಾಗಲಿ, ನಮ್ಮ ಪಾಸ್ಟೊರೇಟ್ ಕಮಿಟಿಯಾಗಲಿ, ಗುಡಿಯ ಟ್ರಸ್ಟಾಗಲಿ ಹೊರಗಿನ ಸಹಿಗೆ ಹೆದರುವಂಥವಲ್ಲ. ಹೆದರಿಸಲು ಹೋದರೆ ಇನ್ನಷ್ಟು ಬಿಗಿಯಾಗುತ್ತಾರೆ.

ಇಷ್ಟು ಹೇಳಿದಾಗ ಹುಡುಗನ ಮುಖ ಸಪ್ಪಗಾಯಿತು. "ಹಂಗಾದ್ರ ಬಿಟ್ಟುಬಿಡೋಣೇನ್ರಿ?" ಅಂದ. ಬಿಡಬೇಡ, ಉಳಿಸಬೇಕಾದದ್ದು ಯಾವುದು ಅಂತ ಮೊದಲು ಗೊತ್ತು ಮಾಡಿಕೋ ಅಂದೆ. ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ, 1660ರವರೆಗೆ, ಹೋಗಬೇಕು.

ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾಗಿ, ರಾಜನ ತಲೆ ಉರುಳಿ, ಕಟ್ಟುನಿಟ್ಟಿನ ಪ್ಯೂರಿಟನ್ನರ ಆಳ್ವಿಕೆ ನಡೆದಾಗ ದೇಶದ ಎಲ್ಲ ಕ್ಯಾಥೆಡ್ರಲ್ ಕ್ವಾಯರ್‌ಗಳೂ ಬರಖಾಸ್ತಾದವು. ಹೆಚ್ಚು ಕಡಿಮೆ ಹದಿನೈದು ವರ್ಷ ಹಾಡಿಲ್ಲ. 1660ರಲ್ಲಿ ಎರಡನೇ ಚಾರ್ಲ್ಸ್ ಮರಳಿ ಬಂದು ಎಲ್ಲವನ್ನೂ ತಿರುಗಿ ಶುರುಮಾಡಿಸಿದ. ರಾಜಾಜ್ಞೆಯಿದೆ, ಹಳೆಯ ಹಾಡಿನ ಪುಸ್ತಕಗಳು ಅಲ್ಲಲ್ಲಿ ಉಳಿದಿವೆ. ಆದರೂ ರಾಜನ ಸ್ವಂತ ಚಾಪೆಲ್ಲಿನಲ್ಲಿ ಒಂದು ವರ್ಷಕ್ಕೂ ಮೇಲೆ ಮೇಲಿನ ಶ್ರುತಿಯನ್ನು ಕಾರ್ನೆಟ್ ಎಂಬ ಊದುವ ವಾದ್ಯದಿಂದಲೂ, ಗಂಡಸರು ತೆಗೆಯುವ ಕಳ್ಳದನಿಯಿಂದಲೂ ತುಂಬಿಸಬೇಕಾಯಿತಂತೆ. ತನ್ನ ಪಾಲನ್ನು ಸರಾಗವಾಗಿ ಹಾಡಬಲ್ಲ ಒಬ್ಬ ಹುಡುಗನೂ ಇರಲಿಲ್ಲ ಎಂದು ಆ ಕಾಲದ ಸಂಗೀತಗಾರ ಮ್ಯಾಥ್ಯೂ ಲಾಕ್ ಬರೆದಿಟ್ಟಿದ್ದಾನೆ. ಹಾಡುಗಳಿದ್ದವು, ಕಟ್ಟಡವಿತ್ತು, ಕಲಿತ ಮಕ್ಕಳಿರಲಿಲ್ಲ. ಕ್ಯಾಪ್ಟನ್ ಹೆನ್ರಿ ಕುಕ್ ಎಂಬ, ಯುದ್ಧ ಮಾಡಿ ಬಂದ ಗಾಯಕ ಹುಡುಗರನ್ನು ಕೂಡಿಹಾಕಿ ಮೊದಲಿನಿಂದ ಪಾಠ ಶುರುಮಾಡಿದ. ಅವನ ಕೈಯಲ್ಲಿ ಪಳಗಿದ ಚಿಕ್ಕವರಲ್ಲಿ ಹೆನ್ರಿ ಪರ್ಸೆಲ್ ಒಬ್ಬ. ಮುಂದೆ ಆ ದೇಶದ ಅತಿ ದೊಡ್ಡ ಸಂಗೀತ ರಚನಕಾರರಲ್ಲಿ ಒಬ್ಬನಾದವನು. ನಾನು ಇದನ್ನು ಓದಿದ್ದು ನಿವೃತ್ತಿಯ ಮೇಲೆ. ಮೊದಲೇ ಓದಿದ್ದರೆ ಒಂದು ತಪ್ಪು ತಪ್ಪುತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಕಲ್ಯಾಣದ ನೆಲದಲ್ಲಿ ನಿಂತು ಇಂಗ್ಲೆಂಡಿನ ಮಾತನ್ನಷ್ಟೇ ಆಡಿದರೆ ಇಲ್ಲಿನ ರಾಜರು ನನ್ನನ್ನು ಕ್ಷಮಿಸಲಾರರು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಹಾಡಿಗೆ, ವಾದ್ಯಕ್ಕೆ, ಕುಣಿತಕ್ಕೆ ಅಧ್ಯಾಯಗಳಿವೆ. ಅವನ ಮಗ ಜಗದೇಕಮಲ್ಲ 'ಸಂಗೀತಚೂಡಾಮಣಿ' ಎಂಬ ಗ್ರಂಥವನ್ನೇ ಬರೆದ. ಆಳುವುದರ ಜೊತೆಗೆ ಸಂಗೀತಶಾಸ್ತ್ರವನ್ನೂ ಬರೆಯಬೇಕು ಅನಿಸಿದ ರಾಜರು ನಮ್ಮ ತಾಲೂಕಿನವರು ಎಂದು ಬಸವಕಲ್ಯಾಣದ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೋ ಕಾಣೆ. ಚಾಲುಕ್ಯರಿಗೆ ಸಾಮಂತರಾಗಿದ್ದು ಆಮೇಲೆ ಸ್ವತಂತ್ರರಾದ ಸೇವುಣರ ದೇವಗಿರಿಯಲ್ಲಿ, ಸಿಂಘಣನ ಆಸ್ಥಾನದಲ್ಲಿ ಕೂತು, ಹದಿಮೂರನೇ ಶತಮಾನದಲ್ಲಿ ಶಾರ್ಙ್ಗದೇವ 'ಸಂಗೀತರತ್ನಾಕರ' ಬರೆದ. ಅದರಲ್ಲಿ ವೃಂದದ ಲೆಕ್ಕವಿದೆ. ಉತ್ತಮ ವೃಂದಕ್ಕೆ ನಾಲ್ಕು ಮುಖ್ಯ ಗಾಯಕರು, ಅವರ ಜೊತೆ ಸಮವಾಗಿ ಹಾಡುವ ಎಂಟು ಮಂದಿ, ಹನ್ನೆರಡು ಗಾಯಕಿಯರು, ನಾಲ್ಕು ಕೊಳಲು, ನಾಲ್ಕು ಮದ್ದಳೆ. ಒಟ್ಟು ಮೂವತ್ತೆರಡು. ಮುಖ್ಯ ಗಾಯಕರಿಗಿಂತ ಗಾಯಕಿಯರು ಮೂರು ಪಟ್ಟು ಎಂಬುದನ್ನು ನಮ್ಮ ಮಂಡಳಿಗಳ ಗಂಡಸರು ಗಮನಿಸಬೇಕು.

ಲೆಕ್ಕಕ್ಕಿಂತ ಮುಖ್ಯವಾದದ್ದು ಅವನು ಹೇಳುವ ವೃಂದದ ಆರು ಗುಣಗಳು. ಮುಖ್ಯ ಗಾಯಕನನ್ನು ಅನುಸರಿಸುವುದು, ಧ್ವನಿಗಳು ಒಂದರಲ್ಲೊಂದು ಬೆರೆಯುವುದು, ತಾಳದಲ್ಲಿ ಲೀನವಾಗಿ ನಡೆಯುವುದು, ಮೂರು ಸ್ಥಾಯಿಯಲ್ಲೂ ಹರಡುವ ಶಕ್ತಿ, ದನಿಗಳ ಹೋಲಿಕೆ ಎಂದು ಐದಾದ ಮೇಲೆ ಒಂದು ಉಳಿಯುತ್ತದೆ: 'ಮಿಥಸ್ತ್ರುಟಿತನಿರ್ವಾಹ'. ನಾಲಿಗೆ ತೊಡರುವಂಥ ಶಬ್ದ. ಅರ್ಥ ಸರಳ. ಒಬ್ಬರಲ್ಲಿ ಕಡಿದದ್ದನ್ನು ಇನ್ನೊಬ್ಬರು ನಡೆಸಿಕೊಂಡು ಹೋಗುವುದು. ಒಬ್ಬಳು ಉಸಿರೆಳೆದುಕೊಳ್ಳುವಾಗ ಪಕ್ಕದವಳು ಹಾಡಬೇಕು, ಅವಳ ಉಸಿರು ಮುಗಿಯುವಷ್ಟರಲ್ಲಿ ಇವಳು ತಿರುಗಿ ಬಂದಿರಬೇಕು, ಕೇಳುವವರಿಗೆ ಎಲ್ಲೂ ಬಿರುಕು ಕಾಣಬಾರದು. ಇದನ್ನು ಹೇಳಿಕೊಡಲಾಗುವುದಿಲ್ಲ. ವರ್ಷಗಟ್ಟಲೆ ಅದೇ ಪಕ್ಕದವಳ ಪಕ್ಕದಲ್ಲಿ ನಿಂತು ಹಾಡಿದರೆ ಬರುತ್ತದೆ. ಕ್ವಾಯರ್ ಬರಖಾಸ್ತು ಮಾಡಿದಾಗ ಕಳೆದುಹೋಗುವುದು ಇದು. ಗಾಯಕರೆಲ್ಲ ಮನೆಯಲ್ಲಿ ಕ್ಷೇಮವಾಗಿರುತ್ತಾರೆ, ಹಾಡುಗಳೂ ನೆನಪಿರುತ್ತವೆ, ನಡುವಿನ ಹೊಂದಿಕೆ ಆರು ತಿಂಗಳಲ್ಲಿ ಸವೆಯುತ್ತದೆ.

ಮೆಥಡಿಸ್ಟ್ ಪಂಗಡ ಶುರುಮಾಡಿದ ಜಾನ್ ವೆಸ್ಲಿ 1761ರಲ್ಲಿ ತನ್ನ ಜನಕ್ಕೆ ಹಾಡುವ ಬಗೆಗೆ ಸೂಚನೆಗಳನ್ನು ಬರೆದಿದ್ದ. ಎಲ್ಲರೂ ಹಾಡಬೇಕು; ಹಾಡಿಸುವವನ ದನಿಗೆ ಹತ್ತಿರವಾಗಿ ನಡೆಯಬೇಕು; ಬೇರೆಯವರಿಗಿಂತ ತನ್ನದೇ ಮೇಲೆ ಕೇಳಲಿ ಎಂದು ಅರಚಬಾರದು ಎಂಬುದು ಅದರ ತಾತ್ಪರ್ಯ. ದೇವಗಿರಿಯ ಪಂಡಿತನಿಗೂ ಈ ಇಂಗ್ಲಿಷ್ ಪಾದ್ರಿಗೂ ನಡುವೆ ಐದು ನೂರು ವರ್ಷ, ಸಮುದ್ರಗಳು. ಹುಮನಾಬಾದಿನ ಕಡೆಯ ಹಳ್ಳಿಯ ಚರ್ಚಿನಲ್ಲಿ ಹಾಡಿದವರಿಗೆ ಇಬ್ಬರ ಹೆಸರೂ ಗೊತ್ತಿರಲಿಕ್ಕಿಲ್ಲ. ಆದರೆ ಇಬ್ಬರ ಮಾತೂ ಅವರ ಗಂಟಲಲ್ಲಿತ್ತು. ಇದು ನಾನು ಕಿವಿಯಾರೆ ಕೇಳಿದ್ದು.

ನಮ್ಮದು ಲಿಂಗಾಯತರ ಮನೆ. ದನದ ಕೊಟ್ಟಿಗೆಯ ಹಿಂದಿನ ಗೋಡೆಗೆ ಚರ್ಚಿನ ಕಂಪೌಂಡು ತಾಗಿತ್ತು. ಶನಿವಾರ ಸಂಜೆ ಅವರ ತಾಲೀಮು, ನನಗೆ ಹಾಲು ಹಿಂಡುವ ಹೊತ್ತಿನ ಕೆಲಸ. ಹಾಡಿಸುತ್ತಿದ್ದ ಕಾಕಾ ಗೌಂಡಿ ಕೆಲಸದವನು. ಸ್ವರಲಿಪಿ ಗಿಪಿ ಏನೂ ಇಲ್ಲ, ಕೆಂಪು ರಟ್ಟಿನ ಒಂದು ನೋಟುಬುಕ್ಕು. ಅದರಲ್ಲಿ ಕನ್ನಡದ ಹಾಡು, ಮರಾಠಿಯಿಂದ ಬಂದದ್ದು, ತೆಲುಗಿನಿಂದ ಬಂದದ್ದು, ಎಲ್ಲವೂ ಕನ್ನಡ ಅಕ್ಷರದಲ್ಲಿ. ನಮ್ಮ ಗಡಿಯಲ್ಲಿ ಹಾಡು ಯಾವ ಭಾಷೆಯದು ಎಂದು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು ಕ್ರಿಸ್ತನ ಮೇಲೆ ಅಭಂಗ, ಕೀರ್ತನೆ ಕಟ್ಟಿದ್ದರು. ಮಂಗಳೂರು ಕಡೆ ನಿಘಂಟಿನ ಕಿಟ್ಟೆಲ್ ಸಾಹೇಬರು 1862ರಲ್ಲೇ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿಗೆ ಇಳಿಸಿದ್ದರು. ಕಾಕಾನ ನೋಟುಬುಕ್ಕು ಅಂಥ ಹೊಳೆಗಳಿಂದ ತೋಡಿಕೊಂಡ ಸಣ್ಣ ಬಾವಿ. ಕಾಕಾನಿಗೆ ಸುಣ್ಣದ ಧೂಳಿನಿಂದ ಕೆಮ್ಮು. ಹಾಡಿನ ಮಧ್ಯೆ ಕೆಮ್ಮು ಬಂದರೆ ಬಲಗಡೆ ಕೂತ ಮುದುಕಿಯೊಬ್ಬಳು ತಟ್ಟನೆ ಎತ್ತಿಕೊಳ್ಳುತ್ತಿದ್ದಳು, ಅವನ ಕೆಮ್ಮು ನಿಂತ ಕೂಡಲೇ ಕೊಟ್ಟುಬಿಡುತ್ತಿದ್ದಳು. ಗೋಡೆಯ ಈಚೆ ಕೂತ ನನಗೆ ಬಹಳ ದಿನ ಅವನು ಕೆಮ್ಮುತ್ತಾನೆಂಬುದೇ ಗೊತ್ತಾಗಿರಲಿಲ್ಲ.

ಆ ಮಂಡಳಿ ಬರಖಾಸ್ತಾದದ್ದು ಜಗಳದಿಂದಲ್ಲ, ಸನ್ಮಾನದಿಂದ. ನಮ್ಮ ಕಡೆ ಯಾರನ್ನಾದರೂ ಕೂರಿಸಿಬಿಡಬೇಕಾದರೆ ಶಾಲು ಹೊದಿಸುತ್ತಾರೆ. ಕೀಬೋರ್ಡ್ ಬಂತು, ದೊಡ್ಡ ಸ್ಪೀಕರ್ ಬಂತು, ಹುಡುಗರ ಹೊಸ ತಂಡ ಬಂತು. ಹಿರಿಯರನ್ನು ವೇದಿಕೆಗೆ ಕರೆದು, ಶಾಲು, ಹಾರ, ಒಂದು ಫೋಟೋ. ಮುಂದಿನ ಭಾನುವಾರ ಅವರಿಗೆ ಹಿಂದಿನ ಸಾಲಿನಲ್ಲಿ ಜಾಗ. ನಾನಾಗ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ, ಬರೆಯುವವನೆಂದು ಸ್ವಲ್ಪ ಹೆಸರಿತ್ತು. ಕಾಕಾ ಬಂದು ಒಂದು ಅರ್ಜಿ ಬರೆದುಕೊಡು ಅಂದ. ಬರೆದೆ. ನಾಲ್ಕು ಪುಟ. ಪರಂಪರೆ, ಸಂಸ್ಕೃತಿ, ಅಮೂಲ್ಯ ನಿಧಿ, ಏನೇನೋ. ಯಾರು ಯಾರಿಗೆ ಕಲಿಸಿದರು, ಈಗ ಯಾರಿಗೆ ಕಲಿಸಲು ಸಿದ್ಧರಿದ್ದಾರೆ, ವಾರಕ್ಕೆ ಎಷ್ಟು ಹೊತ್ತು ಬೇಕು ಎಂಬ ಮೂರು ಮಾತು ಆ ನಾಲ್ಕು ಪುಟದಲ್ಲಿ ಇರಲಿಲ್ಲ. ಓದಿದವರಿಗೆ ಇದು ಹೊಗಳಿಕೆಯ ಪತ್ರ ಅನಿಸಿರಬೇಕು. ಹೊಗಳಿಕೆಗೆ ಉತ್ತರ ಬರೆಯುವ ಅಗತ್ಯ ಯಾರಿಗೂ ಇರುವುದಿಲ್ಲ. ಉತ್ತರ ಬರಲಿಲ್ಲ. ಐದಾರು ವರ್ಷಕ್ಕೆ ಕಾಕಾ ತೀರಿಕೊಂಡ. ನೋಟುಬುಕ್ಕು ಈಗಲೂ ಅವನ ಮಗಳ ಹತ್ತಿರ ಹೈದರಾಬಾದಿನಲ್ಲಿದೆ. ಒಂದು ಸಲ ಹೋದಾಗ ತೆಗೆದು ತೋರಿಸಿದಳು. ಎಪ್ಪತ್ತಕ್ಕೂ ಹೆಚ್ಚು ಹಾಡು, ಒಂದಕ್ಷರ ಅಳಿಸಿಲ್ಲ. ಎಷ್ಟು ಹಾಡಲು ಬರುತ್ತದೆ ಎಂದು ಕೇಳಿದೆ. "ಇಪ್ಪತ್ತು ಬರಬಹುದಣ್ಣ. ಉಳಿದದ್ದು ಹೆಂಗ ಹಾಡ್ತಿದ್ರೋ" ಅಂದಳು.

ಬರೆದದ್ದು ಉಳಿದರೂ ಹಾಡಿದ್ದು ಹೋಗುತ್ತದೆ ಎಂಬ ಈ ಮಾತನ್ನು ಬಸವಕಲ್ಯಾಣದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. 1167-68ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದರು. ವಚನಗಳ ಕಟ್ಟು ಹೊತ್ತು ಉಳವಿಯ ಕಡೆ ಹೋದವರ ಕಥೆ ನಮಗೆಲ್ಲ ಬಾಯಿಪಾಠ. ಮಾತು ಉಳಿಯಿತು. ಏಳೂವರೆ ಶತಮಾನದ ಮೇಲೂ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕೂತು ತಾಳೆಗರಿ ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತರುವಷ್ಟು ಉಳಿಯಿತು. ಆದರೆ ರಾಗವೆಂದು ನಾವು ಇಂದು ಕೇಳುವುದು ಯಾರದ್ದು? ಶರಣರು ಹಾಡಿಗೆಂದೇ ಕಟ್ಟಿದ ಸ್ವರವಚನಗಳಿವೆ, ತಾಳೆಗರಿಯಲ್ಲಿ ರಾಗತಾಳದ ಹೆಸರೂ ಇದೆ, ಹಾಡಿದ ರೀತಿ ಗರಿಯಲ್ಲಿ ಕೂರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ, ಸಿದ್ಧರಾಮ ಜಂಬಲದಿನ್ನಿಯವರ ಕಂಠದಲ್ಲಿ ನಾವು ಕಣ್ಣುಮುಚ್ಚಿ ಕೇಳುವ ವಚನಗಾಯನ ಇಪ್ಪತ್ತನೇ ಶತಮಾನದ ಸೃಷ್ಟಿ. ಅದರ ಹಿರಿಮೆ ಅದಕ್ಕಿದೆ. ಕಲ್ಯಾಣದ ಬೀದಿಯಲ್ಲಿ ಹನ್ನೆರಡನೇ ಶತಮಾನದಲ್ಲಿ ಕೇಳಿಸಿದ್ದು ಅದಲ್ಲ. ಬರೆದದ್ದನ್ನು ಹಳಕಟ್ಟಿಯವರಂಥ ಒಬ್ಬರೇ ಉಳಿಸಬಲ್ಲರು. ಹಾಡಿದ್ದನ್ನು ಉಳಿಸಲು ಕನಿಷ್ಠ ಇಬ್ಬರು ಬೇಕು, ಒಬ್ಬರು ದೊಡ್ಡವರು, ಒಬ್ಬರು ಚಿಕ್ಕವರು, ಇಬ್ಬರೂ ಜೀವಂತ ಇರುವಾಗಲೇ.

ಉಳಿಸಿಕೊಂಡವರೂ ನಮ್ಮ ಪಕ್ಕದಲ್ಲೇ ಇದ್ದಾರೆ. ಹುಮನಾಬಾದಿಗೆ ಅಂಟಿಕೊಂಡಂತಿರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. ಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಯಾದವರು. ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪದ ಕಟ್ಟಿದವರು. ಎಲ್ಲ ಮತಗಳೂ ಒಂದೇ 'ಸಕಲಮತ' ಎಂದವರು. ಅಲ್ಲಿ ಹಾಡು ಪೂಜೆಯ ಅಲಂಕಾರವಲ್ಲ, ಪೂಜೆಯ ಅಂಗ. ದತ್ತಜಯಂತಿಯ ಹೊತ್ತಿಗೆ ದೂರದೂರದ ದೊಡ್ಡ ಗಾಯಕರು ಬಂದು ಹಾಡುತ್ತಾರೆ, ಪತ್ರಿಕೆಯವರ ಫೋಟೋ ಎಲ್ಲ ಆ ದಿನದ್ದು. ನನಗೆ ಹೆಚ್ಚು ಅನಿಸುವುದು ಉಳಿದ ದಿನಗಳ ಹಾಡು, ಕೇಳಲು ಹತ್ತು ಜನವಿದ್ದರೂ ಆಗಲೇಬೇಕಾದದ್ದು. ಪೂಜೆ ಬೇಕೆಂದರೆ ಹಾಡೂ ಬೇಕು ಎಂಬ ಗಂಟು ಬಿದ್ದಿರುವ ಕಡೆ ಹಾಡುವವರನ್ನು ತೆಗೆಯಲು ಯಾರಿಗೂ ಕೈಬಾರದು. ಹಬ್ಬಕ್ಕೊಮ್ಮೆ ಹಾಡುವ ಮಂಡಳಿಯನ್ನು ಶಾಲು ಹೊದಿಸಿ ಕೂರಿಸುವುದು ಸುಲಭ.

ಹೀಗೆಲ್ಲ ಮಾತಾಡುತ್ತ ಎರಡನೇ ಚಹಾ ಮುಗಿಯಿತು. ಹುಡುಗ ಖಾಲಿ ಅರ್ಧ ಹಾಳೆಯನ್ನು ಮೇಜಿನ ಮೇಲೆ ಹರಡಿ ಪೆನ್ನು ತೆಗೆದ. ಪರಂಪರೆ ಎಂಬ ಶಬ್ದ ಬರೆಯಬೇಡ ಅಂದೆ. ಕ್ವಾಯರಿನ ಹನ್ನೊಂದು ಮಂದಿಯ ಹೆಸರು ಬರೆಸಿದೆ. ಪ್ರತಿ ಹೆಸರಿನ ಮುಂದೆ ಯಾರಿಂದ ಕಲಿತದ್ದು, ಈಗ ಯಾರಿಗೆ ಕಲಿಸುತ್ತಿರುವುದು. ಎರಡನೆಯ ಪ್ರಶ್ನೆಗೆ ಏಳು ಜನರ ಮುಂದೆ ಗೆರೆ ಎಳೆಯಬೇಕಾಯಿತು. ಅವನಿಗೇ ನಾಚಿಕೆಯಾಯಿತು. "ಮೂರು ವರ್ಷದಿಂದ ಹೊಸಬರನ್ನ ತೊಗೊಂಡಿಲ್ರಿ" ಎಂದು ಒಪ್ಪಿಕೊಂಡ. ಯಾಕೆ ಎಂದೆ. ಹೊಸಬರಿಗೆ ಕೀಬೋರ್ಡ್ ಬೇಕಂತೆ, ಇವರಿಗೆ ಬೇಡವಂತೆ. ಅಲ್ಲಿಗೆ ಬರಖಾಸ್ತು ಮಾಡಿದವರ ಕಡೆಯೂ ಒಂದಿಷ್ಟು ನ್ಯಾಯವಿದೆ ಅನಿಸಿತು, ಅದನ್ನು ಹೇಳಿಯೂ ಬಿಟ್ಟೆ. ಕೀಬೋರ್ಡಿನವರಲ್ಲಿ ಇಬ್ಬರನ್ನು ನಿಮ್ಮ ಜೊತೆ ಕೂರಿಸಿಕೊಳ್ಳಿ, ಅವರ ಒಂದು ಹಾಡನ್ನು ನೀವು ಕಲಿಯಿರಿ ಅಂದೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಬೇಡಿಕೆಯ ಜಾಗದಲ್ಲಿ 'ಕ್ವಾಯರನ್ನು ಮೊದಲಿನಂತೆ ಮುಂದುವರಿಸಬೇಕು' ಎಂದು ಬರೆಯಹೊರಟವನನ್ನು ತಡೆದೆ. ಹಾಗೆ ಬರೆದರೆ ಮುಚ್ಚಿದವರು ತಪ್ಪೊಪ್ಪಿಕೊಂಡಂತಾಗುತ್ತದೆ, ಯಾರು ಒಪ್ಪುತ್ತಾರೆ? ಶನಿವಾರ ಸಂಜೆ ಒಂದೂವರೆ ತಾಸು ಚರ್ಚಿನ ಹಿಂದಿನ ಕೋಣೆ, ಹಳೆಯ ಹಾರ್ಮೋನಿಯಂ, ಸಭೆಯ ಮಕ್ಕಳಲ್ಲಿ ಬರಲು ಒಪ್ಪಿದ ಎಂಟು ಜನ, ತಿಂಗಳಿಗೊಂದು ಭಾನುವಾರ ಒಂದೇ ಒಂದು ಹಾಡು. ಇಷ್ಟನ್ನು ಕೇಳು. ಕೊಡಲಿಲ್ಲವೆಂದರೆ ಯಾರದಾದರೂ ಮನೆಯ ಪಡಸಾಲೆಯಲ್ಲಿ ಈ ಶನಿವಾರದಿಂದಲೇ ಶುರುಮಾಡು, ಉತ್ತರಕ್ಕೆ ಕಾಯಬೇಡ. ಪತ್ರಿಕೆಗೆ ಹೋಗಬೇಡ. (ಅಂಕಣಕಾರನೇ ಹೀಗೆ ಹೇಳಿದ್ದು ಸಂಪಾದಕರಿಗೆ ಗೊತ್ತಾಗದಿರಲಿ; ಊರಿನ, ಚರ್ಚಿನ ಗುರುತು ಬಿಟ್ಟು ಬರೆಯಲು ಹುಡುಗ ಒಪ್ಪಿದ್ದರಿಂದ ಇಷ್ಟನ್ನು ಬರೆದಿದ್ದೇನೆ.) ಮೆಥಡಿಸ್ಟ್ ಪದ್ಧತಿಯಲ್ಲಿ ಪಾಸ್ಟರರಿಗೆ ವರ್ಗಾವಣೆ ಇರುತ್ತದೆ, ಬಿಷಪ್ಪರು ವಾರ್ಷಿಕ ಸಮ್ಮೇಳನದಲ್ಲಿ ಯಾರಿಗೆ ಯಾವ ಊರು ಎಂದು ಓದುತ್ತಾರೆ. ಪಾಸ್ಟರರು ಬರುತ್ತಾರೆ, ಹೋಗುತ್ತಾರೆ, ಹಾಡುವವರು ಅದೇ ಊರಲ್ಲಿ ಹುಟ್ಟಿ ಅಲ್ಲೇ ಮಣ್ಣಾಗುವವರು. ಅದಕ್ಕಾಗಿ ಕಾಯುವುದೂ ಒಂದು ತಂತ್ರವೇ, ಹಾಡುತ್ತ ಕಾಯುವುದಾದರೆ. ಫೋನಿನಲ್ಲಿ ರೆಕಾರ್ಡು ಮಾಡಿಟ್ಟುಕೋ ಅಂತಲೂ ಹೇಳಿದೆ. ಒಟ್ಟಿಗೆ ಹಾಡಿದ್ದು ಒಂದು, ಒಬ್ಬೊಬ್ಬರೇ ಹಾಡಿದ್ದು ಒಂದು. ಕಾಕಾನ ಕಾಲದಲ್ಲಿ ಅಷ್ಟು ಅನುಕೂಲ ಇರಲಿಲ್ಲ, ಇದ್ದರೂ ನನಗೆ ಹೊಳೆಯುತ್ತಿರಲಿಲ್ಲ.

ಸಹಿಯ ಹಾಳೆಗಳನ್ನು ಏನು ಮಾಡಬೇಕೆಂದು ಕೇಳಿದ. ಜೊತೆಗೇ ಲಗತ್ತಿಸು, ಆದರೆ ಇನ್ನೂರು ಮಂದಿಯಲ್ಲಿ ತಿಂಗಳಿಗೆ ಐವತ್ತು ರೂಪಾಯಿ ಕೊಡುವವರು ಎಷ್ಟು ಜನ ಎಂದು ಮೊದಲು ಕೇಳಿಕೊಂಡು ಬಾ, ಅವರ ಹೆಸರಿನ ಮುಂದೆ ಗುರುತು ಹಾಕು ಅಂದೆ. ಸಸ್ತಾಪುರ ಬಂಗ್ಲಾದ ಕಡೆ ಹೋಗುವ ಬಸ್ಸು ಹತ್ತಿ ಹೊರಟುಹೋದ.

ಹದಿನೈದು ದಿನದ ಮೇಲೆ ಫೋನು ಬಂತು. ಕೋಣೆ ಇನ್ನೂ ಸಿಕ್ಕಿಲ್ಲ, ಕಮಿಟಿಯಲ್ಲಿ ಮಾತಾಗಬೇಕಂತೆ. ಐವತ್ತು ರೂಪಾಯಿಗೆ ಒಪ್ಪಿದವರು ಮೂವತ್ತೊಂದು ಮಂದಿ. ಯಾರದೋ ಮನೆಯ ಮಾಳಿಗೆಯ ಮೇಲೆ ಎರಡು ಶನಿವಾರ ಕೂತಿದ್ದಾರೆ, ಮಕ್ಕಳು ಎಂಟು ಬರಬೇಕಿತ್ತು, ಐದು ಬಂದಿವೆ, ಅದರಲ್ಲೊಂದು ತಾಳ ಬಡಿಯುವುದಕ್ಕೆ ಮಾತ್ರ ಬರುತ್ತದಂತೆ. ಹಳೆಯ ಹಾರ್ಮೋನಿಯಂ ಸಿಕ್ಕಿದೆ. ಆದರೆ ಇಲಿ ತಿದಿಯನ್ನು ಕಡಿದಿದೆ, ಮಧ್ಯದ ಎರಡು ಸ್ವರ ಒತ್ತಿದರೆ ಮೇಲೇಳುವುದಿಲ್ಲ. ರಿಪೇರಿ ಮಾಡುವವರು ಹುಮನಾಬಾದಿನಲ್ಲಿ ಯಾರಾದರೂ ಇದ್ದಾರೇನ್ರಿ ಎಂದು ಕೇಳಿದ. ನನಗೆ ಗೊತ್ತಿದ್ದ ಒಬ್ಬರು ತೀರಿಕೊಂಡು ಬಹಳ ವರ್ಷವಾಯಿತು, ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯಬೇಕಾಗುತ್ತದೆ ಅಂದೆ. "ಅಲ್ಲಿ ತನಕ ಆ ಎರಡು ಸ್ವರ ಬಂದಾಗ ಏನ್ ಮಾಡಬೇಕ್ರಿ?" ಅಂದ. ಬಾಯಿಂದ ಹಾಡ್ರಿ ಅಂದೆ.